ಸ್ಮರಣ ಸಂಚಿಕೆ ಪ್ರೆಸ್‌ಗೆ ಕಳಿಸುವ ಮುಂಚೆ: ಪಿಕ್ಸೆಲ್, ಇಂಚು, ಡಿಪಿಐ ಲೆಕ್ಕ

ಊರಿನ ಶಾಲೆಗೆ ಐವತ್ತು ವರ್ಷ ತುಂಬಿದರೆ, ಹಾಲಿನ ಸಂಘಕ್ಕೆ ಇಪ್ಪತ್ತೈದಾದರೆ, ದೇವಸ್ಥಾನದ ಬ್ರಹ್ಮಕಲಶ ಮುಗಿದರೆ ಒಂದು ಸ್ಮರಣ ಸಂಚಿಕೆ ಬರುತ್ತದೆ. ಕಂಪ್ಯೂಟರ್ ಗೊತ್ತಿರುವ ಯಾರಾದರೂ ಒಬ್ಬರ ತಲೆಗೆ ಪುಟ ಕಟ್ಟುವ ಕೆಲಸ ಬೀಳುತ್ತದೆ. ಲೇಖನಗಳು ಟೈಪ್ ಆಗುತ್ತವೆ, ವಾಟ್ಸ್‌ಆ್ಯಪ್‌ನಲ್ಲಿ ಫೋಟೋಗಳು ಬಂದು ಬೀಳುತ್ತವೆ, ಕೊನೆಗೆ ಪ್ರೆಸ್‌ನವರು ಒಂದು ಮಾತು ಹೇಳುತ್ತಾರೆ: "ಎಲ್ಲಾ 300 ಡಿಪಿಐ ಇರಲಿ ಸಾರ್, ಪಿಡಿಎಫ್ ಮಾಡಿ ಕಳಿಸಿ."

ಆ ಮಾತು ಅರ್ಧ ಮಾತ್ರ. ಡಿಪಿಐ ಅಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಅನ್ನುವ ಲೆಕ್ಕ. ಎಷ್ಟು ಇಂಚಿಗೆ ಅಂತ ಹೇಳದೆ 300 ಅನ್ನುವ ಸಂಖ್ಯೆಗೆ ಅರ್ಥವೇ ಇಲ್ಲ. ಉಳಿದ ಅರ್ಧ ನಿಮಗೆ ಗೊತ್ತಿದ್ದರೆ ಯಾವ ಫೋಟೋ ಎಷ್ಟು ದೊಡ್ಡದಾಗಿ ಹಾಕಬಹುದು, ಯಾವುದನ್ನು ಮತ್ತೆ ಕೇಳಿ ತರಿಸಬೇಕು ಅಂತ ಪ್ರೆಸ್‌ಗೆ ಹೋಗುವ ಮುಂಚೆಯೇ ತಿಳಿಯುತ್ತದೆ. ಇದು ಸಣ್ಣ ವಿಷಯ ಅಂತ ಬಿಡಬೇಡಿ. ಎಷ್ಟೋ ಊರುಗಳಲ್ಲಿ ಹಳೆಯ ಮೇಷ್ಟ್ರುಗಳ ಮುಖ, ಮೊದಲ ಬ್ಯಾಚ್‌ನ ಮಕ್ಕಳ ಮುಖ ಅಚ್ಚಾಗಿ ಉಳಿಯುವುದು ಆ ಒಂದೇ ಪುಸ್ತಕದಲ್ಲಿ. ಅದು ಮಸುಕಾದರೆ ಮತ್ತೆ ಸರಿಮಾಡುವ ಅವಕಾಶ ಸಿಗುವುದಿಲ್ಲ.

ಫೋಟೋ ಒಳಗೆ ಇರುವುದು ಪಿಕ್ಸೆಲ್ ಮಾತ್ರ

ಡಿಜಿಟಲ್ ಫೋಟೋಗೆ ಇಂಚು, ಸೆಂಟಿಮೀಟರ್ ಯಾವುದೂ ಇಲ್ಲ. ಅಡ್ಡಕ್ಕೆ ಇಷ್ಟು ಪಿಕ್ಸೆಲ್, ಅಂದರೆ ಬಣ್ಣದ ಸಣ್ಣ ಚುಕ್ಕೆ, ಉದ್ದಕ್ಕೆ ಇಷ್ಟು ಪಿಕ್ಸೆಲ್, ಅಷ್ಟೇ. 12 ಮೆಗಾಪಿಕ್ಸೆಲ್ ಫೋನಿನ ಫೋಟೋ ಅಂದರೆ 4000 ಅಡ್ಡ, 3000 ಉದ್ದ. ಈ ಪಿಕ್ಸೆಲ್‌ಗಳನ್ನು ಕಾಗದದ ಮೇಲೆ ಎಷ್ಟು ಜಾಗದಲ್ಲಿ ಕೂರಿಸುತ್ತೀರಿ ಅನ್ನುವುದರ ಮೇಲೆ ಡಿಪಿಐ ಹುಟ್ಟುತ್ತದೆ. ಒಂದು ಹಿಡಿ ಕಾಳನ್ನು ತಟ್ಟೆಯಲ್ಲಿ ಹರಡಿದರೆ ಒತ್ತಾಗಿ ಇರುತ್ತದೆ, ಅದೇ ಹಿಡಿಯನ್ನು ಮೊರದಲ್ಲಿ ಹರಡಿದರೆ ನಡುವೆ ಜಾಗ ಕಾಣುತ್ತದೆ. ಕಾಳು ಮಾತ್ರ ಅಷ್ಟೇ.

ಲೆಕ್ಕ ಒಂದೇ ಒಂದು. ಪಿಕ್ಸೆಲ್ ಅನ್ನು ಇಂಚಿನಿಂದ ಭಾಗಿಸಿ. 4000 ಪಿಕ್ಸೆಲ್ ಫೋಟೋವನ್ನು 8 ಇಂಚು ಅಗಲಕ್ಕೆ ಹಾಕಿದರೆ 500. ಅದನ್ನೇ 20 ಇಂಚಿಗೆ ಎಳೆದರೆ 200. ಅದನ್ನೇ 10 ಅಡಿ ಫ್ಲೆಕ್ಸ್‌ಗೆ ಹಾಕಿದರೆ 33. ಫೋಟೋ ಒಂದೇ, ಮೂರು ಬೇರೆ ಬೇರೆ ಡಿಪಿಐ.

ಮಿಲಿಮೀಟರ್‌ನಲ್ಲಿ ಕೆಲಸ ಮಾಡುವವರು 25.4 ಅನ್ನುವ ಸಂಖ್ಯೆ ನೆನಪಿಟ್ಟುಕೊಳ್ಳಿ. ಒಂದು ಇಂಚು ಅಂದರೆ ಸರಿಯಾಗಿ 25.4 ಮಿಲಿಮೀಟರ್. ನಿಮ್ಮ ಪುಟದಲ್ಲಿ ಫೋಟೋ ಜಾಗ 90 ಮಿಲಿಮೀಟರ್ ಅಗಲ ಇದ್ದರೆ 90 ಅನ್ನು 25.4ರಿಂದ ಭಾಗಿಸಿ 300ರಿಂದ ಗುಣಿಸಿ. 1063 ಪಿಕ್ಸೆಲ್ ಬರುತ್ತದೆ. ಅಷ್ಟಿದ್ದರೆ ಆ ಜಾಗಕ್ಕೆ ಧಾರಾಳವಾಗಿ ಸಾಕು.

ಇನ್ನು ಫೈಲ್ ಪ್ರಾಪರ್ಟೀಸ್‌ನಲ್ಲಿ "72 ಡಿಪಿಐ" ಅಂತಲೋ "96 ಡಿಪಿಐ" ಅಂತಲೋ ಬರೆದಿರುತ್ತದಲ್ಲ, ಅದನ್ನು ನೋಡಿ ಗಾಬರಿಯಾಗಬೇಡಿ. ಅದು ಫೈಲ್ ಜೊತೆ ಅಂಟಿಸಿದ ಒಂದು ಚೀಟಿ ಅಷ್ಟೇ. 4000 ಪಿಕ್ಸೆಲ್ ಇರುವ ಫೋಟೋಗೆ 72 ಅಂತ ಚೀಟಿ ಇದ್ದರೂ ಫೋಟೋ ಚೆನ್ನಾಗಿಯೇ ಇದೆ. 400 ಪಿಕ್ಸೆಲ್ ಇರುವ ಫೋಟೋಗೆ 300 ಅಂತ ಚೀಟಿ ಅಂಟಿಸಿದರೂ ಅದು ಸುಮಾರು 1.3 ಇಂಚಿನ ಮೇಲೆ ನಿಲ್ಲುವುದಿಲ್ಲ. ಫೋಟೋಶಾಪ್‌ನಲ್ಲಿ ಇಮೇಜ್ ಸೈಜ್ ತೆಗೆದು 72 ಇದ್ದದ್ದನ್ನು 300 ಮಾಡಿ ಓಕೆ ಒತ್ತುವವರು ಬಹಳ ಜನ. ಅಲ್ಲಿ "ರೀಸ್ಯಾಂಪಲ್" ಟಿಕ್ ಇದ್ದರೆ ತಂತ್ರಾಂಶ ಇಲ್ಲದ ಪಿಕ್ಸೆಲ್‌ಗಳನ್ನು ಅಕ್ಕಪಕ್ಕದ ಬಣ್ಣ ನೋಡಿ ಊಹಿಸಿ ತುಂಬುತ್ತದೆ. ಫೈಲ್ ದಪ್ಪ ಆಗುತ್ತದೆ, ಮುಖ ಮಾತ್ರ ಮೊದಲಿನಷ್ಟೇ ಮಸುಕು. ಟಿಕ್ ತೆಗೆದು ಸಂಖ್ಯೆ ಬದಲಿಸಿ ನೋಡಿ, ಪಿಕ್ಸೆಲ್ ಹಾಗೇ ಇದ್ದು ಇಂಚು ಮಾತ್ರ ಬದಲಾಗುತ್ತದೆ. ಫೋಟೋ ನಿಜವಾಗಿ ಎಷ್ಟು ದೊಡ್ಡದಾಗಿ ಅಚ್ಚಾಗಬಹುದು ಅಂತ ತಿಳಿಯಲು ಇದು ಸುಲಭದ ದಾರಿ. ಗಿಂಪ್ ಬಳಸುವವರಿಗೆ ಇಮೇಜ್ ಮೆನುವಿನಲ್ಲಿ "ಪ್ರಿಂಟ್ ಸೈಜ್" ಇದೆ, ಅದು ಮಾಡುವುದು ಇದನ್ನೇ. ಪಕ್ಕದಲ್ಲೇ ಇರುವ "ಸ್ಕೇಲ್ ಇಮೇಜ್" ಬೇರೆ, ಅದು ಪಿಕ್ಸೆಲ್ ಅನ್ನೇ ಬದಲಿಸುತ್ತದೆ.

ಮೊದಲ ಹೆಜ್ಜೆ: ಪುಟದ ಅಳತೆ ಕೇಳಿಕೊಳ್ಳಿ

ಒಂದೂ ಪುಟ ಮಾಡುವ ಮುಂಚೆ ಪ್ರೆಸ್‌ಗೆ ಫೋನ್ ಮಾಡಿ. ಕಟಿಂಗ್ ಆದ ಮೇಲೆ ಪುಸ್ತಕ ಎಷ್ಟು ಬರುತ್ತದೆ, ಬ್ಲೀಡ್ (ಕಟಿಂಗ್‌ನಲ್ಲಿ ಹೋಗಲಿ ಅಂತ ಅಂಚಿನ ಆಚೆ ಬಿಡುವ ಚಿತ್ರದ ಭಾಗ) ಎಷ್ಟು ಬಿಡಬೇಕು, ಒಳಪುಟ ಯಾವ ಕಾಗದ, ಬಣ್ಣವೋ ಕಪ್ಪುಬಿಳುಪೋ. ಈ ನಾಲ್ಕು ಗೊತ್ತಾದರೆ ಸಾಕು.

ನಮ್ಮಲ್ಲಿ ಪುಸ್ತಕಗಳು ಹೆಚ್ಚಾಗಿ ಡೆಮಿ 1/8ರಲ್ಲಿ ಬರುತ್ತವೆ, ಅಂದರೆ ಸುಮಾರು 5.5×8.5 ಇಂಚು. ಸ್ಮರಣ ಸಂಚಿಕೆಗಳು ಎ4 ಅಥವಾ ಅದಕ್ಕೆ ಹತ್ತಿರದ ಅಳತೆಯಲ್ಲಿ ಇರುವುದು ರೂಢಿ. ಡೆಮಿ, ಕ್ರೌನ್ ಅನ್ನುವುದು ದೊಡ್ಡ ಹಾಳೆಯ ಹೆಸರು, 1/8 ಅಂದರೆ ಆ ಹಾಳೆಯಲ್ಲಿ ಎಂಟನೇ ಒಂದು ಭಾಗ. ಕಟಿಂಗ್‌ನಲ್ಲಿ ಎಷ್ಟು ಹೋಗುತ್ತದೆ ಅನ್ನುವುದು ಪ್ರೆಸ್‌ನಿಂದ ಪ್ರೆಸ್‌ಗೆ ಸ್ವಲ್ಪ ಬೇರೆ ಆಗುವುದರಿಂದ ಹೆಸರು ಕೇಳಿ ಸುಮ್ಮನಾಗಬೇಡಿ, ಅಳತೆಯನ್ನೇ ಮಿಲಿಮೀಟರ್‌ನಲ್ಲಿ ಬರೆಸಿಕೊಳ್ಳಿ.

ಎ4 ಅಂದರೆ 210×297 ಮಿಲಿಮೀಟರ್, 300 ಡಿಪಿಐಗೆ 2480×3508 ಪಿಕ್ಸೆಲ್. ಎ5 ಅಂದರೆ 148×210, ಪಿಕ್ಸೆಲ್‌ನಲ್ಲಿ 1748×2480. ಡೆಮಿ 1/8ಕ್ಕೆ 1650×2550. ಮುಖಪುಟದ ಚಿತ್ರ ಪುಟದ ಅಂಚಿನವರೆಗೂ ಹೋಗುವುದಾದರೆ ಸುತ್ತಲೂ 3 ಮಿಲಿಮೀಟರ್ ಬ್ಲೀಡ್ ಸೇರಿಸಬೇಕು. ಬ್ಲೇಡು ಕೂದಲೆಳೆ ಆಚೀಚೆ ಆದರೂ ಬಿಳಿ ಪಟ್ಟಿ ಕಾಣಬಾರದು ಅಲ್ವಾ, ಅದಕ್ಕೆ. ಆಗ ಎ4 ಮುಖಪುಟ 216×303 ಮಿಲಿಮೀಟರ್ ಆಗುತ್ತದೆ, ಬೇಕಾಗುವುದು 2551×3579 ಪಿಕ್ಸೆಲ್. ಬ್ಲೀಡ್ ಕೊನೆಯಲ್ಲಿ ನೆನಪಾದರೆ ಚಿತ್ರವನ್ನು ಎಳೆದು ದೊಡ್ಡದು ಮಾಡಬೇಕಾಗುತ್ತದೆ, ಆಗ ಶೀರ್ಷಿಕೆ ಅಂಚಿಗೆ ತಾಗುತ್ತದೆ. ಪುಟ ತೆರೆಯುವಾಗಲೇ ಸೆಟ್ ಮಾಡಿ.

300 ಎಲ್ಲಿಂದ ಬಂತು, ಯಾವಾಗ ಕಡಿಮೆ ನಡೆಯುತ್ತದೆ

ಆಫ್‌ಸೆಟ್ ಮುದ್ರಣದಲ್ಲಿ ಬೂದು ಬಣ್ಣ ಅಂತ ಬೇರೆ ಶಾಯಿ ಇಲ್ಲ. ಕಪ್ಪು ಚುಕ್ಕೆಗಳನ್ನು ಸಣ್ಣದು ದೊಡ್ಡದು ಮಾಡಿ ಕಣ್ಣಿಗೆ ಬೂದು ಅನಿಸುವಂತೆ ಮಾಡುತ್ತಾರೆ. ಹಳೆಯ ದಿನಪತ್ರಿಕೆಯ ಫೋಟೋವನ್ನು ಭೂತಗನ್ನಡಿಯಲ್ಲಿ ನೋಡಿದರೆ ಈ ಚುಕ್ಕೆಗಳ ಸಾಲು ಚೆನ್ನಾಗಿ ಕಾಣುತ್ತದೆ. ಒಂದು ಇಂಚಿನಲ್ಲಿ ಎಷ್ಟು ಸಾಲು ಅನ್ನುವುದು ಸ್ಕ್ರೀನ್, ಅದನ್ನು ಎಲ್‌ಪಿಐ ಅಂತಾರೆ. ನುಣುಪಾದ ಆರ್ಟ್ ಪೇಪರ್ ಮೇಲೆ ಸಾಮಾನ್ಯವಾಗಿ 150, ಮ್ಯಾಪ್‌ಲಿಥೋ ಅನ್ನುವ ಹೊಳಪಿಲ್ಲದ ಸಾದಾ ಕಾಗದದ ಮೇಲೆ ಅದಕ್ಕಿಂತ ಸ್ವಲ್ಪ ಕಡಿಮೆ, ನ್ಯೂಸ್‌ಪ್ರಿಂಟ್ ಮೇಲೆ 85ರಿಂದ 100. ಫೋಟೋದಲ್ಲಿ ಈ ಸಾಲಿನ ಒಂದೂವರೆಯಿಂದ ಎರಡು ಪಟ್ಟು ಪಿಕ್ಸೆಲ್ ಇದ್ದರೆ ಸಾಕು. 150ರ ಎರಡು ಪಟ್ಟು 300. ನಿಯಮ ಬಂದದ್ದು ಅಲ್ಲಿಂದ.

ಹಾಗಾಗಿ ಮ್ಯಾಪ್‌ಲಿಥೋ ಒಳಪುಟದಲ್ಲಿ 220, 240 ಇರುವ ಫೋಟೋ ಚೆನ್ನಾಗಿಯೇ ಬರುತ್ತದೆ. 300ಕ್ಕಿಂತ ಎಷ್ಟೋ ಜಾಸ್ತಿ ಇದ್ದರೆ ಲಾಭವೂ ಇಲ್ಲ, ಚುಕ್ಕೆಗಳು ಅದನ್ನು ತೋರಿಸಲಾರವು. ನನ್ನ ಲೆಕ್ಕದಲ್ಲಿ 200ರ ಮೇಲಿದ್ದರೆ ಒಳಪುಟಕ್ಕೆ ಹಾಕಬಹುದು. 150ರಿಂದ 200ರ ನಡುವೆ ಇದ್ದರೆ ಫೋಟೋವನ್ನು ಚಿಕ್ಕದು ಮಾಡಿ ಹಾಕಿ. 150ಕ್ಕಿಂತ ಕಡಿಮೆ ಇದ್ದರೆ ಮೂಲ ಫೋಟೋ ಯಾರ ಹತ್ತಿರ ಇದೆ ಅಂತ ಹುಡುಕಿ. ಮುಖಪುಟಕ್ಕೆ ಮಾತ್ರ 300 ಇರಲೇಬೇಕು, ಅಲ್ಲಿ ರಾಜಿ ಬೇಡ.

ಪ್ಲೇಟ್, ಅಂದರೆ ಆಫ್‌ಸೆಟ್ ಅಚ್ಚಿಗೆ ಬೇಕಾದ ಲೋಹದ ಹಾಳೆ, ಮಾಡುವ ಯಂತ್ರಕ್ಕೆ "2400 ಡಿಪಿಐ" ಅಂತ ಹೇಳುತ್ತಾರೆ, ಮನೆಯ ಲೇಸರ್ ಪ್ರಿಂಟರ್ ಮೇಲೆ 600 ಅಂತಲೋ 1200 ಅಂತಲೋ ಬರೆದಿರುತ್ತದೆ. ಅದು ಯಂತ್ರ ಹಾಕಬಲ್ಲ ಅತಿ ಸಣ್ಣ ಚುಕ್ಕೆಯ ಲೆಕ್ಕ. ಅಂಥ 16 ಅಡ್ಡ 16 ಉದ್ದ ಚುಕ್ಕೆ ಸೇರಿ 150 ಸಾಲಿನ ಸ್ಕ್ರೀನ್‌ನ ಒಂದು ಮನೆ ಆಗುತ್ತದೆ. ನಿಮ್ಮ ಫೋಟೋ 2400 ಇರಬೇಕು ಅಂತ ಅರ್ಥ ಅಲ್ಲ.

ಫ್ಲೆಕ್ಸ್ ಕಥೆ ಬೇರೆ. ಓದುವ ಪುಸ್ತಕ ಕಣ್ಣಿಂದ ಒಂದು ಅಡಿ ದೂರದಲ್ಲಿ ಇರುತ್ತದೆ, ಅಷ್ಟು ದೂರಕ್ಕೆ ನಮ್ಮ ಕಣ್ಣು ಇಂಚಿಗೆ ಸುಮಾರು 290 ಚುಕ್ಕೆ ಬಿಡಿಬಿಡಿಯಾಗಿ ಗುರುತಿಸಬಲ್ಲದು. ಹತ್ತು ಅಡಿ ದೂರಕ್ಕೆ ಹೋದರೆ ಅದು ಹತ್ತನೇ ಒಂದಕ್ಕೆ, ಅಂದರೆ 29ಕ್ಕೆ ಇಳಿಯುತ್ತದೆ. ಅದಕ್ಕೇ ರಸ್ತೆ ಬದಿಯ ಬ್ಯಾನರ್‌ಗೆ 72 ಡಿಪಿಐ ಧಾರಾಳ. 10×8 ಅಡಿ ಫ್ಲೆಕ್ಸ್ 72ಕ್ಕೆ 8640×6912 ಪಿಕ್ಸೆಲ್ ಆಗುತ್ತದೆ. ಕಂಪ್ಯೂಟರ್ ನಿಧಾನ ಆದರೆ ಹತ್ತನೇ ಒಂದು ಅಳತೆಯಲ್ಲಿ, 12×9.6 ಇಂಚಿನಲ್ಲಿ ಮಾಡಿ. ಆಗ 720 ಡಿಪಿಐ ಅಂತ ತೋರಿಸುತ್ತದೆ, ಪಿಕ್ಸೆಲ್ ಅಷ್ಟೇ ಇರುತ್ತವೆ. ಅಂಗಡಿಯವರಿಗೆ ಮಾತ್ರ ಇದು ಹತ್ತನೇ ಒಂದು ಅಳತೆ ಅಂತ ಫೈಲ್ ಹೆಸರಲ್ಲೇ ಬರೆದು ಕಳಿಸಿ.

ಎರಡನೇ ಹೆಜ್ಜೆ: ಫೋಟೋ ತರಿಸಿಕೊಳ್ಳುವ ಕ್ರಮ

ಸಂಚಿಕೆಗಳ ಫೋಟೋ ಕೆಡುವುದು ಹೆಚ್ಚಾಗಿ ಇಲ್ಲಿ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋದ ಉದ್ದದ ಬದಿ 1600 ಪಿಕ್ಸೆಲ್ ಆಸುಪಾಸಿಗೆ ಇಳಿಯುತ್ತದೆ, ಜೊತೆಗೆ ಜೆಪೆಗ್ ಒತ್ತಡಕ್ಕೆ ಚರ್ಮದ ಮೇಲೆ, ಆಕಾಶದಲ್ಲಿ ಚೌಕ ಚೌಕ ಕಲೆ ಬರುತ್ತದೆ. 1600 ಅಂದರೆ ಅಂಕಣದ ಫೋಟೋಗೆ ಸಾಲುತ್ತದೆ. ತೊಂದರೆ ಬರುವುದು ಗುಂಪು ಫೋಟೋದಲ್ಲಿ.

ಒಂದು ಉದಾಹರಣೆ ನೋಡಿ. ಹಳೆಯ ವಿದ್ಯಾರ್ಥಿಗಳ ಗುಂಪು ಫೋಟೋ, ಒಂದು ಸಾಲಿನಲ್ಲಿ ಇಪ್ಪತ್ತು ಜನ. ವಾಟ್ಸ್‌ಆ್ಯಪ್‌ನಿಂದ ಬಂದದ್ದು 1600 ಅಗಲ. ಒಬ್ಬೊಬ್ಬರ ಪಾಲಿಗೆ 80 ಪಿಕ್ಸೆಲ್, ಅದರಲ್ಲಿ ಭುಜ ಅರ್ಧ, ಮುಖಕ್ಕೆ 40. ಅದನ್ನು 7 ಇಂಚು ಅಗಲಕ್ಕೆ ಹಾಕಿದರೆ 228 ಡಿಪಿಐ, ಲೆಕ್ಕಕ್ಕೆ ಪಾಸ್. ಆದರೆ ಆ ಮುಖ ಕಾಗದದ ಮೇಲೆ ನಾಲ್ಕೂವರೆ ಮಿಲಿಮೀಟರ್, ಅದರೊಳಗೆ ಕಣ್ಣಿಗೆ ಐದಾರು ಪಿಕ್ಸೆಲ್, ಅದೂ ಜೆಪೆಗ್ ಕಲೆಯಿಂದ ಕಲಸಿದ ಪಿಕ್ಸೆಲ್. ಮನೆಯವರಿಗೂ ಗುರುತು ಸಿಗುವುದು ಕಷ್ಟ. ಮೂಲ ಫೈಲ್ 4000 ಪಿಕ್ಸೆಲ್ ಇದ್ದರೆ ಅದೇ ಮುಖಕ್ಕೆ 100 ಪಿಕ್ಸೆಲ್ ಸಿಗುತ್ತದೆ, ಬೇಕಾದರೆ ಎರಡು ಪುಟಕ್ಕೆ ಹರಡಿ ಹಾಕಬಹುದು. ಗುಂಪು ಫೋಟೋಗೆ ಡಿಪಿಐ ಜೊತೆ ಮುಖಕ್ಕೆ ಎಷ್ಟು ಪಿಕ್ಸೆಲ್ ಇದೆ ಅಂತಲೂ ನೋಡಲೇಬೇಕು.

ಆದ್ದರಿಂದ ಗ್ರೂಪಿನಲ್ಲಿ ಮೊದಲೇ ಒಂದು ಸಂದೇಶ ಹಾಕಿ: "ದಯವಿಟ್ಟು ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಿ." ಅಟ್ಯಾಚ್ ಒತ್ತಿ ಗ್ಯಾಲರಿ ಬದಲು ಡಾಕ್ಯುಮೆಂಟ್ ಆಯ್ದು ಅದೇ ಫೋಟೋ ಹುಡುಕಿ ಕಳಿಸಿದರೆ ಫೈಲ್ ಇದ್ದ ಹಾಗೇ ಬರುತ್ತದೆ. 2023ರಿಂದ ಎಚ್‌ಡಿ ಅನ್ನುವ ಆಯ್ಕೆಯೂ ಇದೆ, ಅದು ಮಾಮೂಲಿಗಿಂತ ಉತ್ತಮ, ಡಾಕ್ಯುಮೆಂಟ್‌ನಷ್ಟು ಅಲ್ಲ. ಡ್ರೈವ್ ಲಿಂಕ್ ಮಾಡಿ ಕೊಟ್ಟರೂ ಆಯಿತು. ವಯಸ್ಸಾದ ಮೇಷ್ಟ್ರುಗಳಿಗೆ ಇದೆಲ್ಲ ಹೇಳಿ ಕಾಡಬೇಡಿ, ಮನೆಗೆ ಹೋಗಿ ಆಲ್ಬಮ್ ಕೇಳಿ ಸ್ಕ್ಯಾನ್ ಮಾಡಿಕೊಂಡು ಬನ್ನಿ. ಫೇಸ್‌ಬುಕ್‌ನಿಂದ ಇಳಿಸಿದ್ದು, ಸ್ಕ್ರೀನ್‌ಶಾಟ್ ಹೊಡೆದದ್ದು ಬೇರೆ ದಾರಿಯೇ ಇಲ್ಲದಾಗ ಮಾತ್ರ.

ಸ್ಕ್ಯಾನ್ ಮಾಡುವಾಗ ಡಿಪಿಐ ನಿಜವಾಗಿಯೂ ಅರ್ಥ ಇರುವ ಸಂಖ್ಯೆ, ಯಾಕೆಂದರೆ ಅಲ್ಲಿ ಕಾಗದದ ಅಳತೆ ಕಣ್ಣ ಮುಂದೆಯೇ ಇದೆ. 4×6 ಇಂಚಿನ ಹಳೆಯ ಫೋಟೋವನ್ನು 300ಕ್ಕೆ ಸ್ಕ್ಯಾನ್ ಮಾಡಿದರೆ 1200×1800, ಅದೇ ಅಳತೆಯಲ್ಲಿ ಅಚ್ಚು ಹಾಕಲು ಸರಿ. ಎರಡು ಪಟ್ಟು ದೊಡ್ಡದು ಮಾಡಬೇಕೆಂದರೆ 600ಕ್ಕೆ ಮಾಡಿ. ಪಾಸ್‌ಪೋರ್ಟ್ ಅಳತೆಯ ಫೋಟೋ, 35×45 ಮಿಲಿಮೀಟರ್, 300ಕ್ಕೆ ಬರೀ 413×531 ಪಿಕ್ಸೆಲ್ ಕೊಡುತ್ತದೆ. ಅದನ್ನು ಶ್ರದ್ಧಾಂಜಲಿ ಪುಟದಲ್ಲಿ ದೊಡ್ಡದಾಗಿ ಹಾಕುವುದಿದ್ದರೆ 1200ಕ್ಕೆ ಸ್ಕ್ಯಾನ್ ಮಾಡಿ. ಅದಕ್ಕೂ ಮೇಲೆ ಹೋದರೆ ಕಾಣುವುದು ಫೋಟೋ ಕಾಗದದ ಕಣ ಮಾತ್ರ. ಸ್ಕ್ಯಾನರ್ ಗಾಜನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ, 600ರಲ್ಲಿ ಒಂದೊಂದು ಧೂಳಿನ ಕಣವೂ ಮಚ್ಚೆಯಂತೆ ಕಾಣುತ್ತದೆ. ಹಳೆಯ ಪತ್ರಿಕೆಯ ತುಣುಕು ಸ್ಕ್ಯಾನ್ ಮಾಡುವಾಗ "ಡಿಸ್ಕ್ರೀನ್" ಆಯ್ಕೆ ಹಾಕಿ. ಇಲ್ಲದಿದ್ದರೆ ಅಲ್ಲಿರುವ ಚುಕ್ಕೆಸಾಲಿಗೂ ಹೊಸ ಮುದ್ರಣದ ಚುಕ್ಕೆಸಾಲಿಗೂ ತಾಳೆಯಾಗದೆ ಸೀರೆ ಮೇಲಿನ ಅಲೆಯಂತಹ ಗೆರೆಗಳು ಬರುತ್ತವೆ. ಸಂಘದ ಮೊಹರು, ಸಹಿ, ಕೈಬರಹದ ಪತ್ರ ಇಂಥ ಬರೀ ಕಪ್ಪು ಗೆರೆಯವು 600ಕ್ಕೆ ಕಡಿಮೆ ಬೇಡ, 1200 ಆದರೆ ಇನ್ನೂ ಒಳ್ಳೆಯದು. ಗೆರೆಯ ಅಂಚಿನಲ್ಲಿ ಮೆಟ್ಟಿಲು ಬಂದರೆ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ.

ಈಗ ಎಐ ಹಾಕಿ ಮಸುಕು ಫೋಟೋ ಚೊಕ್ಕ ಮಾಡಿಕೊಡುವ ಆ್ಯಪ್‌ಗಳು ಬಂದಿವೆ. ಕಟ್ಟಡ, ಮರಗಿಡದ ಫೋಟೋಗೆ ಬಳಸಿ, ಅಡ್ಡಿಯಿಲ್ಲ. ತೀರಿಹೋದವರ ಮುಖಕ್ಕೆ ಬಳಸಬೇಡಿ ಅಂತ ಕೈಮುಗಿದು ಕೇಳುತ್ತೇನೆ. 40 ಪಿಕ್ಸೆಲ್‌ನಲ್ಲಿ ಇಲ್ಲದ ಕಣ್ಣು, ಹುಬ್ಬು, ಹಲ್ಲುಗಳನ್ನು ಅದು ತಾನೇ ಬರೆಯುತ್ತದೆ. ಚೊಕ್ಕವಾಗಿ ಕಾಣುತ್ತದೆ, ಆದರೆ ಅದು ಬೇರೆಯವರ ಮುಖ. ಮಸುಕಾದರೂ ಅವರದ್ದೇ ಮುಖವನ್ನು ಚಿಕ್ಕದಾಗಿ ಹಾಕುವುದು ಮೇಲು.

ಮೂರನೇ ಹೆಜ್ಜೆ: ಪುಟ ಕಟ್ಟುವಾಗ ಯೂನಿಟ್ ಗಮನಿಸಿ

ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ಯೂನಿಟ್ ಮಿಲಿಮೀಟರ್‌ಗೆ ಬದಲಿಸಿಕೊಳ್ಳಿ. ಅಕ್ಷರದ ಅಳತೆ ಮಾತ್ರ ಪಾಯಿಂಟ್‌ನಲ್ಲೇ ಇರಲಿ. ಪಾಯಿಂಟ್ ಅಂದರೆ ಇಂಚಿನ 72ನೇ ಒಂದು ಭಾಗ. ಪಿಡಿಎಫ್ ಒಳಗೆ ಎಲ್ಲ ಅಳತೆಯೂ ಪಾಯಿಂಟ್‌ನಲ್ಲೇ ಇರುತ್ತದೆ, ಎ4 ಅಂದರೆ 595×842. ಇಲ್ಲಿ ಒಂದು ಗೊಂದಲ ಆಗುತ್ತದೆ. ಎಲ್ಲೋ 2480×3508 ಅಂತ ಓದಿಕೊಂಡು ಬಂದು ಪುಟದ ಅಳತೆ ಕೇಳಿದ ಕಡೆ ಅದನ್ನೇ ತುಂಬುತ್ತಾರೆ. ಆ ಜಾಗ ಪಾಯಿಂಟ್ ಕೇಳುತ್ತಿದ್ದರೆ ನಿಮ್ಮ ಪುಟ 34 ಇಂಚು ಅಗಲ, ಸುಮಾರು 49 ಇಂಚು ಉದ್ದ ಆಯಿತು. ಪರದೆ ಮೇಲೆ ಏನೂ ಗೊತ್ತಾಗುವುದಿಲ್ಲ, ಪರದೆಗೆ ಹೊಂದುವಂತೆ ಚಿಕ್ಕದಾಗಿ ಕಾಣುತ್ತದೆ. ಆದರೆ 12 ಪಾಯಿಂಟ್ ಅಕ್ಷರ ಇರುವೆಯಂತೆ ಕಾಣುತ್ತಿದ್ದರೆ ಅಲ್ಲೇ ನಿಲ್ಲಿಸಿ ಪುಟದ ಅಳತೆ ನೋಡಿ.

ಇಂಕ್‌ಸ್ಕೇಪ್ ಬಳಸುವವರಿಗೆ: ಅಲ್ಲಿ ಒಂದು ಪಿಕ್ಸೆಲ್ ಅಂದರೆ ಇಂಚಿನ 96ನೇ ಒಂದು. 2017ರ 0.92 ಆವೃತ್ತಿಗೆ ಮುಂಚೆ ಅದು 90 ಇತ್ತು. ಇಲ್ಲಸ್ಟ್ರೇಟರ್‌ನಲ್ಲಿ 72. ಹಾಗಾಗಿ ಒಂದೇ ಲೋಗೋ ಒಂದರಿಂದ ಇನ್ನೊಂದಕ್ಕೆ ಹೋದಾಗ ಚಿಕ್ಕದು ದೊಡ್ಡದು ಆಗಬಹುದು. ಗಾಬರಿ ಬೇಡ, ಲೋಗೋ ಗೆರೆಗಳಿಂದ ಆದದ್ದು, ಎಷ್ಟು ಎಳೆದರೂ ಒಡೆಯುವುದಿಲ್ಲ. ಮಿಲಿಮೀಟರ್‌ನಲ್ಲಿ ಅಳತೆ ಹಾಕಿ ಸರಿಮಾಡಿ.

ವರ್ಡ್‌ನಲ್ಲಿ ಪುಟ ಕಟ್ಟುವವರು ಫೋಟೋ ಹಾಕುವ ಮುಂಚೆಯೇ ಒಂದು ಕೆಲಸ ಮಾಡಬೇಕು. ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್‌ಗೆ ಹೋಗಿ, "ಇಮೇಜ್ ಸೈಜ್ ಆ್ಯಂಡ್ ಕ್ವಾಲಿಟಿ" ಅನ್ನುವಲ್ಲಿ "ಡು ನಾಟ್ ಕಂಪ್ರೆಸ್ ಇಮೇಜಸ್ ಇನ್ ಫೈಲ್" ಟಿಕ್ ಮಾಡಿ. ಹಲವು ಆವೃತ್ತಿಗಳಲ್ಲಿ ಇದು ಇಲ್ಲದಿದ್ದರೆ ಸೇವ್ ಮಾಡಿದ ಕೂಡಲೇ ಫೋಟೋ 220ಕ್ಕೆ ಇಳಿಯುತ್ತದೆ. ಫೋಟೋ ಚಿಕ್ಕದಾಗಿ ಇಟ್ಟು ಸೇವ್ ಮಾಡಿ, ಆಮೇಲೆ ದೊಡ್ಡದು ಮಾಡಿದರೆ ಕಳೆದುಹೋದ ಪಿಕ್ಸೆಲ್ ವಾಪಸ್ ಬರುವುದಿಲ್ಲ. ಫೋಟೋ ಎಳೆಯುವಾಗ ಮೂಲೆ ಹಿಡಿದೇ ಎಳೆಯಿರಿ. ಪಕ್ಕ ಹಿಡಿದು ಎಳೆದರೆ ಅಡ್ಡಕ್ಕೆ ಒಂದು ಡಿಪಿಐ, ಉದ್ದಕ್ಕೆ ಒಂದು ಡಿಪಿಐ ಆಗಿ ಮುಖ ಅಗಲ ಆಗುತ್ತದೆ.

ಇನ್‌ಡಿಸೈನ್ ಇದ್ದವರು ಪುಣ್ಯವಂತರು. ಲಿಂಕ್ಸ್ ಪ್ಯಾನಲ್‌ನಲ್ಲಿ ಫೋಟೋ ಆಯ್ದರೆ "ಆ್ಯಕ್ಚುವಲ್ ಪಿಪಿಐ", "ಎಫೆಕ್ಟಿವ್ ಪಿಪಿಐ" ಎರಡೂ ತೋರಿಸುತ್ತದೆ. ಪಿಪಿಐ ಅಂದರೆ ಇಂಚಿಗೆ ಎಷ್ಟು ಪಿಕ್ಸೆಲ್, ಇಲ್ಲಿ ಡಿಪಿಐ ಅಂತ ಹೇಳುತ್ತಿರುವುದೇ ಅದು. ಮೊದಲನೆಯದು ಚೀಟಿ, ಎರಡನೆಯದು ನಿಮ್ಮ ಪುಟದಲ್ಲಿ ಇರುವ ನಿಜ. ಎರಡನೆಯದನ್ನು ಮಾತ್ರ ನೋಡಿ.

ಅಕ್ಷರವನ್ನು ಫೋಟೋ ಮಾಡಬೇಡಿ

ಕನ್ನಡಕ್ಕೆ ಇದು ಬಹಳ ಮುಖ್ಯ. ಜಾಹೀರಾತು ಅಂತ ಅಂಗಡಿಯವರು ವಿಸಿಟಿಂಗ್ ಕಾರ್ಡಿನ ಫೋಟೋ ಕಳಿಸುತ್ತಾರೆ, "ಶ್ರೀ ಮಹಾಲಕ್ಷ್ಮೀ ಟ್ರೇಡರ್ಸ್". ಅದನ್ನೇ ಪುಟಕ್ಕೆ ಅಂಟಿಸಿದರೆ ಏನಾಗುತ್ತದೆ? 10 ಪಾಯಿಂಟ್ ಅಕ್ಷರಕ್ಕೆ 300 ಡಿಪಿಐನಲ್ಲಿ ಸುಮಾರು 42 ಪಿಕ್ಸೆಲ್ ಎತ್ತರ ಸಿಗುತ್ತದೆ, 96ರಲ್ಲಿ ಬರೀ 13. ಆ 13ರಲ್ಲಿ ಕ್ಷ ಬರಬೇಕು, ಅದರ ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ ಬರಬೇಕು, ಕೆಳಗೆ ಮ ಒತ್ತು ಬರಬೇಕು. ಒತ್ತಿನ ಪಾಲಿಗೆ ನಾಲ್ಕು ಪಿಕ್ಸೆಲ್. ಮ ಒತ್ತೋ ಯ ಒತ್ತೋ ಗೊತ್ತಾಗುವುದಿಲ್ಲ, ಕ್ಷದ ಹೊಟ್ಟೆಯಲ್ಲಿ ಶಾಯಿ ತುಂಬಿಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರ 150ರಲ್ಲಿ ಹೇಗೋ ಓದಲು ಬರುತ್ತದೆ, ನಮ್ಮ ಒತ್ತಕ್ಷರ ಬರುವುದಿಲ್ಲ. ಕಾರ್ಡ್ ನೋಡಿಕೊಂಡು ಹೊಸದಾಗಿ ಟೈಪ್ ಮಾಡಿ. ದುಡ್ಡು ಕೊಟ್ಟವರ ಹೆಸರು ಓದಲು ಬರಬೇಕು ಅಲ್ವಾ.

ಇಡೀ ಪುಟವನ್ನು ಜೆಪೆಗ್ ಮಾಡಿ ಕಳಿಸುವುದೂ ಇದೇ ಕಾರಣಕ್ಕೆ ಬೇಡ. ಪವರ್‌ಪಾಯಿಂಟ್‌ನಲ್ಲಿ ಮಾಡಿದ ಅಗಲದ ಸ್ಲೈಡನ್ನು ಮಾಮೂಲಿ ಸೆಟ್ಟಿಂಗ್‌ನಲ್ಲಿ ಚಿತ್ರವಾಗಿ ಸೇವ್ ಮಾಡಿದರೆ 1280×720 ಬರುತ್ತದೆ. ಅಡ್ಡ ಎ4 ಪುಟಕ್ಕೆ ಹಾಕಿದರೆ ಅದು 109 ಡಿಪಿಐ. ಪಿಡಿಎಫ್ ಆಗಿ ಸೇವ್ ಮಾಡಿದರೆ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ, ಪ್ಲೇಟ್ ಯಂತ್ರದ ಪೂರ್ತಿ ಚೂಪು ಅದಕ್ಕೆ ಸಿಗುತ್ತದೆ.

ಪಿಡಿಎಫ್‌ನಲ್ಲೂ ಫಾಂಟ್ ಒಳಗೆ ಸೇರಿರಬೇಕು. ನುಡಿ ಮೊದಲಾದ ಹಳೆಯ ಆಸ್ಕಿ ಫಾಂಟ್ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಇಟ್ಟದ್ದು) ಬಳಸಿದ್ದರೆ, ಪ್ರೆಸ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ, ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬರುತ್ತದೆ. ಪಿಡಿಎಫ್ ತೆರೆದು ಪ್ರಾಪರ್ಟೀಸ್‌ನಲ್ಲಿ ಫಾಂಟ್ಸ್ ನೋಡಿ, ಎಲ್ಲದರ ಮುಂದೆಯೂ ಎಂಬೆಡೆಡ್ ಅಂತ ಇರಬೇಕು. ಕೋರೆಲ್‌ಡ್ರಾದಲ್ಲಿ ಮಾಡಿದ ಮುಖಪುಟವಾದರೆ ಕಂಟ್ರೋಲ್ ಕ್ಯೂ ಒತ್ತಿ ಅಕ್ಷರಗಳನ್ನು ಕರ್ವ್ಸ್, ಅಂದರೆ ಫಾಂಟ್ ಬೇಕಿಲ್ಲದ ಗೆರೆಯ ಆಕಾರ, ಮಾಡಿಬಿಡಿ, ತಿದ್ದಬಹುದಾದ ಪ್ರತಿಯನ್ನು ಬೇರೆ ಹೆಸರಲ್ಲಿ ಇಟ್ಟುಕೊಂಡು. ವರ್ಡ್‌ನಲ್ಲಿ ಒಂದು ವಿಷಯ ಗಮನಿಸಿ: ಎಂಬೆಡ್ ಮಾಡಲು ಅನುಮತಿ ಇಲ್ಲದ ಫಾಂಟ್ ಆದರೆ ಅಕ್ಷರವನ್ನು ಬಿಟ್‌ಮ್ಯಾಪ್ ಮಾಡುವ ಆಯ್ಕೆ ಪಿಡಿಎಫ್ ಆಪ್ಷನ್ಸ್‌ನಲ್ಲಿ ಇದೆ. ಹಾಗಾಗಿದೆಯೇ ಅಂತ ತಿಳಿಯಲು ಪಿಡಿಎಫ್ ಅನ್ನು 800 ಪರ್ಸೆಂಟ್ ಜೂಮ್ ಮಾಡಿ. ಅಕ್ಷರದ ಅಂಚು ನುಣುಪಾಗಿದ್ದರೆ ಸರಿ, ಮೆಟ್ಟಿಲು ಕಂಡರೆ ಫಾಂಟ್ ಬದಲಿಸಿ.

ಟೇಬಲ್ ಗೆರೆಗಳ ಬಗ್ಗೆ ಒಂದು ಮಾತು. ಗೆರೆಯ ದಪ್ಪ ಸೊನ್ನೆ ಅಂತ ಇದ್ದರೆ ಪಿಡಿಎಫ್ ನಿಯಮದ ಪ್ರಕಾರ ಯಂತ್ರ ತನ್ನಿಂದಾಗುವ ಅತಿ ತೆಳು ಗೆರೆ ಎಳೆಯುತ್ತದೆ. ಮನೆಯ ಪ್ರಿಂಟರ್‌ನಲ್ಲಿ ಕಾಣುತ್ತದೆ, 2400ರ ಪ್ಲೇಟ್‌ನಲ್ಲಿ ಮಾಯ ಆಗುತ್ತದೆ. ಕಡಿಮೆ ಅಂದರೂ 0.25 ಪಾಯಿಂಟ್ ಅಂತ ನಮೂದಿಸಿ.

ನಾಲ್ಕನೇ ಹೆಜ್ಜೆ: ಎಕ್ಸ್‌ಪೋರ್ಟ್

ಲಿಬ್ರೆಆಫೀಸ್‌ನಲ್ಲಿ ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್ ತೆರೆದರೆ ಮೊದಲ ಪುಟದಲ್ಲೇ ಚಿತ್ರಗಳ ಸೆಟ್ಟಿಂಗ್ ಇರುತ್ತದೆ. ಜೆಪೆಗ್ 90 ಪರ್ಸೆಂಟ್, ರೆಸಲ್ಯೂಷನ್ 300 ಅಂತ ಅದೇ ಇಟ್ಟಿರುತ್ತದೆ. ಸ್ಮರಣ ಸಂಚಿಕೆಗೆ ಹಾಗೇ ಬಿಡಬಹುದು. ಮೊಹರು, ಕೈಬರಹ ಜಾಸ್ತಿ ಇದ್ದರೆ ಮಾತ್ರ ಲಾಸ್‌ಲೆಸ್ (ಚಿತ್ರದಲ್ಲಿ ಏನೂ ಕಳೆಯದ ಆಯ್ಕೆ) ಆಯ್ದು "ರೆಡ್ಯೂಸ್ ಇಮೇಜ್ ರೆಸಲ್ಯೂಷನ್" ಟಿಕ್ ತೆಗೆಯಿರಿ, ಇಲ್ಲದಿದ್ದರೆ ನೀವು 1200ಕ್ಕೆ ಸ್ಕ್ಯಾನ್ ಮಾಡಿದ್ದು 300ಕ್ಕೆ ಇಳಿದು ಶ್ರಮ ವ್ಯರ್ಥ. ವರ್ಡ್‌ನಲ್ಲಿ ಸೇವ್ ಆ್ಯಸ್ ಪಿಡಿಎಫ್ ಮಾಡುವಾಗ "ಸ್ಟ್ಯಾಂಡರ್ಡ್" ಆಯ್ಕೆ, "ಮಿನಿಮಮ್ ಸೈಜ್" ಬೇಡ. ಕ್ಯಾನ್ವಾದಲ್ಲಿ "ಪಿಡಿಎಫ್ ಪ್ರಿಂಟ್" ಆಯ್ದುಕೊಳ್ಳಿ, ಬ್ಲೀಡ್ ಮತ್ತು ಕ್ರಾಪ್ ಮಾರ್ಕ್ಸ್ ಟಿಕ್ ಮಾಡಿ. ಅಲ್ಲಿನ "ಪಿಡಿಎಫ್ ಸ್ಟ್ಯಾಂಡರ್ಡ್" 96 ಡಿಪಿಐ. ವರ್ಡ್‌ನಲ್ಲಿ ಸ್ಟ್ಯಾಂಡರ್ಡ್ ಒಳ್ಳೆಯದು, ಕ್ಯಾನ್ವಾದಲ್ಲಿ ಅಲ್ಲ, ಇದನ್ನು ನೆನಪಿಡಿ. ಇನ್‌ಡಿಸೈನ್‌ನಲ್ಲಿ "ಪ್ರೆಸ್ ಕ್ವಾಲಿಟಿ". ಅದು 450ಕ್ಕಿಂತ ಜಾಸ್ತಿ ಇರುವ ಫೋಟೋಗಳನ್ನು ಮಾತ್ರ 300ಕ್ಕೆ ಇಳಿಸುತ್ತದೆ, ಕಡಿಮೆ ಇರುವುದನ್ನು ಏರಿಸುವುದಿಲ್ಲ. ಏರಿಸುವ ಎಕ್ಸ್‌ಪೋರ್ಟ್ ಸೆಟ್ಟಿಂಗ್ ಯಾವ ತಂತ್ರಾಂಶದಲ್ಲೂ ಹುಡುಕಬೇಡಿ.

ಕಪ್ಪುಬಿಳುಪು ಒಳಪುಟ ಆದರೆ ಫೋಟೋಗಳನ್ನು ನೀವೇ ಗ್ರೇಸ್ಕೇಲ್ ಮಾಡಿ, ಸ್ವಲ್ಪ ತಿಳಿ ಮಾಡಿ. ಮ್ಯಾಪ್‌ಲಿಥೋ ಶಾಯಿ ಹೀರುತ್ತದೆ, ಚುಕ್ಕೆ ಹರಡುತ್ತದೆ, ಪರದೆಯಲ್ಲಿ ಸರಿಯಾಗಿ ಕಂಡ ಮುಖ ಕಾಗದದಲ್ಲಿ ಒಂದು ಛಾಯೆ ಕಪ್ಪಾಗುತ್ತದೆ. ಬಣ್ಣದ ಪುಟಗಳನ್ನು ಆರ್‌ಜಿಬಿಯಲ್ಲೇ (ಪರದೆಯ ಬಣ್ಣದ ಕ್ರಮ) ಕೊಡಬೇಕೋ ಸಿಎಂವೈಕೆ (ನಾಲ್ಕು ಶಾಯಿಯ ಕ್ರಮ) ಮಾಡಿ ಕೊಡಬೇಕೋ ಅಂತ ಪ್ರೆಸ್‌ನವರನ್ನೇ ಕೇಳಿ.

ಕಳಿಸುವ ಮುಂಚೆ

ಪಿಡಿಎಫ್ ತೆರೆದು 300 ಪರ್ಸೆಂಟ್ ಜೂಮ್ ಮಾಡಿ ಒಂದೊಂದು ಫೋಟೋ ನೋಡುತ್ತಾ ಹೋಗಿ. ಮಾಮೂಲಿ ಮಾನಿಟರ್ ಇಂಚಿಗೆ ಸುಮಾರು 96 ಪಿಕ್ಸೆಲ್ ತೋರಿಸುವುದರಿಂದ 300 ಪರ್ಸೆಂಟ್‌ನಲ್ಲಿ ಫೋಟೋದ ಒಂದು ಪಿಕ್ಸೆಲ್ ಪರದೆಯ ಒಂದು ಪಿಕ್ಸೆಲ್‌ಗೆ ಹತ್ತಿರ ಬರುತ್ತದೆ. ಅಲ್ಲಿ ಚೂಪಾಗಿ ಕಂಡದ್ದು ಅಚ್ಚಿನಲ್ಲೂ ಚೂಪು. 100 ಪರ್ಸೆಂಟ್‌ನಲ್ಲಿ ನೋಡಿ ಚೆನ್ನಾಗಿದೆ ಅಂದುಕೊಳ್ಳಬೇಡಿ, ಅಲ್ಲಿ 96 ಡಿಪಿಐ ಫೋಟೋ ಕೂಡ ಚೆನ್ನಾಗಿಯೇ ಕಾಣುತ್ತದೆ. ಲಿನಕ್ಸ್ ಬಳಸುವವರಿಗೆ ಪಾಪ್ಲರ್ ಜೊತೆ ಬರುವ ಪಿಡಿಎಫ್‌ಇಮೇಜಸ್ ಅನ್ನುವ ಕಮಾಂಡ್ ಇದೆ. ಲಿಸ್ಟ್ ಆಯ್ಕೆ ಕೊಟ್ಟು ಓಡಿಸಿದರೆ ಪಿಡಿಎಫ್‌ನ ಪ್ರತಿ ಚಿತ್ರದ ಪುಟಸಂಖ್ಯೆ, ಪಿಕ್ಸೆಲ್, ಪುಟದಲ್ಲಿ ಅದರ ಪಿಪಿಐ ಎಲ್ಲ ಸಾಲಾಗಿ ಬರುತ್ತದೆ. 200ಕ್ಕಿಂತ ಕೆಳಗಿನವನ್ನು ಗುರುತು ಹಾಕಿಕೊಳ್ಳಲು ಐದು ನಿಮಿಷ ಸಾಕು.

ಆಮೇಲೆ ಫೋಟೋ ಇರುವ ಒಂದು ಪುಟವನ್ನು ಮನೆಯಲ್ಲೋ ಜೆರಾಕ್ಸ್ ಅಂಗಡಿಯಲ್ಲೋ ಪ್ರಿಂಟ್ ತೆಗೆಯಿರಿ. ಪ್ರಿಂಟ್ ಡೈಲಾಗ್‌ನಲ್ಲಿ "ಆ್ಯಕ್ಚುವಲ್ ಸೈಜ್" ಇರಬೇಕು, "ಫಿಟ್" ಇದ್ದರೆ ಪುಟ ಸ್ವಲ್ಪ ಕುಗ್ಗುತ್ತದೆ. ಸ್ಕೇಲ್ ಇಟ್ಟು ಅಳೆಯಿರಿ. 90 ಮಿಲಿಮೀಟರ್ ಅಂತ ಇಟ್ಟ ಫೋಟೋ 90 ಇದೆಯಾ? ಅಕ್ಷರ ಓದಲು ಹಿತವಾಗಿದೆಯಾ? ಮನೆಯಲ್ಲಿರುವ ಹಿರಿಯರ ಕೈಗೆ ಕೊಟ್ಟು ಓದಿಸಿ, ಸಂಚಿಕೆ ಹೆಚ್ಚಾಗಿ ಓದುವವರು ಅವರೇ.

ಜಿಮೇಲ್‌ನಲ್ಲಿ 25 ಎಂಬಿ ಮೀರಿದರೆ ಫೈಲ್ ನೇರ ಹೋಗುವುದಿಲ್ಲ. ಅದಕ್ಕಾಗಿ ಆನ್‌ಲೈನ್ ಕಂಪ್ರೆಸರ್‌ಗೆ ಹಾಕಿ ಚಿಕ್ಕದು ಮಾಡಿದರೆ ಇಷ್ಟು ಹೊತ್ತು ಕಾಪಾಡಿದ್ದೆಲ್ಲ ಹೋಯಿತು. ಡ್ರೈವ್ ಲಿಂಕ್ ಕೊಡಿ, ಪೆನ್‌ಡ್ರೈವ್ ಕೊಡಿ, ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಜೊತೆಗೆ ಒಂದು ಚೀಟಿಯಲ್ಲಿ ಕಟಿಂಗ್ ಅಳತೆ, ಬ್ಲೀಡ್, ಪುಟಗಳ ಸಂಖ್ಯೆ, ಬಣ್ಣದ ಪುಟ ಯಾವುವು ಅಂತ ಬರೆದಿಡಿ. ಪ್ರೆಸ್‌ನಿಂದ ಪ್ರೂಫ್ ಬಂದಾಗ ಮೊದಲು ಗುಂಪು ಫೋಟೋಗಳ ಪುಟ ತೆಗೆದು, ಕೆಳಗೆ ಬರೆದ ಹೆಸರುಗಳ ಜೊತೆ ಒಂದೊಂದು ಮುಖ ಹೊಂದಿಸಿ ನೋಡಿ. ಗುರುತು ಸಿಗದ ಮುಖ ಇದ್ದರೆ ಫೋಟೋ ದೊಡ್ಡದು ಮಾಡಲು ಅಥವಾ ಮೂಲ ಫೈಲ್ ತರಿಸಲು ಇನ್ನೂ ಸಮಯ ಇದೆ. ಪ್ಲೇಟ್ ಆದ ಮೇಲೆ ಬದಲಿಸಬೇಕೆಂದರೆ ಹೊಸ ಪ್ಲೇಟಿನ ದುಡ್ಡು ಕೊಡಬೇಕಾಗುತ್ತದೆ.